ಕೊಚ್ಚಿಯಲ್ಲಿ ನಿಂತಿದ್ದ ಕಮಲಾಬಾಯಿ

ಮೊನ್ನೆ ನಮ್ಮ ಪಕ್ಕದ ಮನೆಯ ಇಮ್ರಾನ್ ತನ್ನ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜಿ, ನೋಡಿ, ನಮ್ಮ ನಾರು ಈಗ ಎಲ್ಲಿದೆ ಅಂತ" ಎಂದ. ಮದ್ದೂರಿನಲ್ಲಿ ಅವನದು ತೆಂಗಿನ ನಾರಿನ ವ್ಯಾಪಾರ. ಲಾರಿಯ ಮೇಲೆ ಬರುವ ದೊಡ್ಡ ಕಬ್ಬಿಣದ ಪೆಟ್ಟಿಗೆ, ಕಂಟೇನರ್ ಅನ್ನುತ್ತಾರಲ್ಲ, ಅದರಲ್ಲಿ ನಾರು ತುಂಬಿಸಿ ಹೊರದೇಶಕ್ಕೆ ಕಳಿಸುತ್ತಾನೆ. ಮೊಬೈಲಿನಲ್ಲಿ ನೀಲಿ ನೀರು, ಅದರ ಮೇಲೆ ಬಾಣದ ತುದಿಯಂಥ ಹಸಿರು ಗುರುತು. ಅದನ್ನು ಬೆರಳಿನಿಂದ ಮುಟ್ಟಿದ. ಹಡಗಿನ ಹೆಸರು, ಉದ್ದ, ಅಗಲ, ಎಷ್ಟು ಪೆಟ್ಟಿಗೆ ಹೊರುತ್ತದೆ, ಯಾವ ವರ್ಷ ಕಟ್ಟಿದ್ದು, ಯಾವ ದೇಶದ ಬಾವುಟ, ಈಗ ಎಷ್ಟು ವೇಗ, ಎಲ್ಲ ಸಾಲಾಗಿ ಬಂತು. ಕೆಳಗೆ ಹಡಗಿನ ಫೋಟೋ ಕೂಡ. "ಚಿಕ್ಕ ಹಡಗು ಅಜ್ಜಿ. ಕೊಲಂಬೋವರೆಗೆ ಇದರಲ್ಲಿ ಹೋಗಿ, ಅಲ್ಲಿ ದೊಡ್ಡದಕ್ಕೆ ಏರುತ್ತೆ. ಯಾರು ಬೇಕಾದ್ರೂ ನೋಡಬಹುದು."

ಯಾರು ಬೇಕಾದರೂ! ನನಗೆ ಎಲ್ಲಿತ್ತೋ ಆ ಸಿಟ್ಟು. "ತೆಗಿಯಪ್ಪ ಅತ್ಲಾಗೆ!" ಎಂದು ಗದರಿಬಿಟ್ಟೆ. ಪಾಪ, ಹುಡುಗ ಪೆಚ್ಚಾಗಿ ಎದ್ದುಹೋದ. ಅವನ ಮುತ್ತಾತ ರಹಮಾನ್ ಸಾಬರು ಇದ್ದಿದ್ದರೆ ನನ್ನ ಸಿಟ್ಟು ಯಾರ ಮೇಲಿನದೆಂದು ಅವರಿಗೆ ತಿಳಿಯುತ್ತಿತ್ತು. ಇಂದು ತೆಂಗಿನ ನಾರಿಗೆ ಇರುವ ಮರ್ಯಾದೆ ನಲವತ್ತಮೂರನೇ ಇಸವಿಯಲ್ಲಿ ನಮ್ಮ ಮನೆಯ ಮನುಷ್ಯನಿಗೆ ಇರಲಿಲ್ಲ.

ನನ್ನ ಗಂಡ ಚೆಲುವೇಗೌಡರು ಒಂದು ಸಣ್ಣ ಸರಕಿನ ಹಡಗಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದರು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಬೆಳೆಸಿದ ಕಾಲ ನಮ್ಮದು. ಈ ವಯಸ್ಸಿನಲ್ಲಿ ಇನ್ನು ಯಾರ ಅಪ್ಪಣೆ ಬೇಕು, ಹೇಳುತ್ತೇನೆ. ಅವರದು ಕೊತ್ತತ್ತಿ. ನಾಲೆ ನೀರು ಬಂದು ಭತ್ತ, ಕಬ್ಬು ಎರಡೂ ಎದ್ದುನಿಂತಿದ್ದ ಊರು. ಅಂಥ ಊರಿನ ಒಕ್ಕಲು ಮನೆಯ ಹುಡುಗ ಸಮುದ್ರಕ್ಕೆ ಯಾಕೆ ಹೋದ ಎಂದು ಆಗಲೂ ಎಲ್ಲರೂ ಕೇಳುತ್ತಿದ್ದರು. ಅವರಿಗೆ ಗದ್ದೆಗಿಂತ ಯಂತ್ರದ ಹುಚ್ಚು. ನನ್ನ ತವರಾದ ಮದ್ದೂರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ, ರಹಮಾನ್ ಸಾಬರು ಕಬ್ಬಿನ ಗಾಣ, ಎಂಜಿನ್ನು ರಿಪೇರಿ ಮಾಡುವ ಶೆಡ್ಡು ಇಟ್ಟಿದ್ದರು. ಚೆಲುವೇಗೌಡರು ಅವರ ಹತ್ತಿರ ಕೆಲಸ ಕಲಿತು, ಆಮೇಲೆ ಮಂಡ್ಯದಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ನನ್ನನ್ನು ಮದುವೆಯಾದದ್ದೂ ಆ ಶೆಡ್ಡಿಗೆ ಬಂದು ಹೋಗುವ ದಾರಿಯಲ್ಲಿ ನೋಡಿಯೇ. ಯುದ್ಧ ಬಂದು ಹಡಗುಗಳಿಗೆ ಆಳು ಸಾಲದಾದಾಗ ಬೆಂಗಳೂರಿನಿಂದ ಒಬ್ಬ ಏಜೆಂಟು ಬಂದು ಬಾಯ್ಲರ್ ಬಲ್ಲವರನ್ನು ಹುಡುಕಿ ಕರೆದ. ಇವರು ಹೋದರು. ಯಾರೂ ಬಲವಂತ ಮಾಡಲಿಲ್ಲ, ಅದನ್ನೂ ಹೇಳಬೇಕು.

ಹಡಗಿನ ಹೆಸರು ಕಮಲಾಬಾಯಿ. ಅದನ್ನು ಕೇಳಿದ ದಿನ ನಮ್ಮ ಅತ್ತೆ ಕೆಂಪಮ್ಮ ನನ್ನ ಕಡೆ ನೋಡಿ, "ನಿನ್ನ ಸವ್ತಿ ಎಸ್ರು ಚೆಂದಾಗದೆ ಕಣವ್ವ" ಎಂದು ನಕ್ಕಿದ್ದರು. ಗಂಡನನ್ನು ಬೇಗ ಕಳೆದುಕೊಂಡು, ಇದ್ದೊಬ್ಬ ಮಗನನ್ನು ಬೈದು ಬೈದೇ ಬೆಳೆಸಿದ ಹೆಂಗಸು ಅವರು.

ಆ ವರ್ಷದ ಯುಗಾದಿಗೆ ಇವರು ರಜೆಯಲ್ಲಿ ಬಂದರು. ಮೊದಲಿಗಿಂತ ಕಪ್ಪಾಗಿದ್ದರು. ಮುಂಗೈ ತುಂಬ ಕೆಂಡ ಸಿಡಿದ ಕಲೆಗಳು. ಬಾಯಿ ತೆರೆದರೆ ಹಡಗಿನ ಮಾತು. ಒಬ್ಬಟ್ಟು ಬಡಿಸುತ್ತಿದ್ದ ಅತ್ತೆ, "ಅದೇನ್ಲಾ ಅಂತಾ ಅಡಗು? ಒಂದ್ ಕಿತ ತೋರ್ಸು, ನೋಡಾನ" ಎಂದರು. ಇವರು ಊಟ ಮುಗಿಸಿ ಒಲೆಯಿಂದ ಇದ್ದಿಲು ತಂದು ಪಡಸಾಲೆಯ ನೆಲದ ಮೇಲೆ ಬರೆಯಲು ಕೂತರು. ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ನಾನು.

"ಉದ್ದ ಅಂದ್ರೆ ನಮ್ಮನೆ ಬಾಗ್ಲಿಂದ ಬಸವನ ಗುಡಿಗಂಟ ಅನ್ಕೊ ಅವ್ವ. ದೊಡ್ಡ ಅಡಗಿನ ಪಕ್ಕ ನಿಂತ್ರೆ ಇದು ಕರು ಇದ್ದಂಗೆ. ಈ ಮುಂದ್ಗಡೆ ಇರೋದೆಲ್ಲ ಸರಕು ತುಂಬೋ ಅಗೇವು. ಎರಡವೆ. ಮುಂದಿಂದು ದೊಡ್ದು. ನಾವು ಅಗೇವಿಗೆ ರಾಗಿ ತುಂಬಂಗೆ ಇದ್ಕೆ ಉಪ್ಪು, ಎಂಚು, ಕೊಬ್ರಿ ತುಂಬೋದು. ಎರಡರ ಮಧ್ಯ ಒಂದೇ ಕಂಬ."

"ಒಗೆ ಎಲ್ಲಿಂದ ಬತ್ತದ್ಲಾ?"

"ಅದೇ ನೋಡು! ದೊಡ್ಡ ಅಡಗಿಗೆಲ್ಲ ಚಿಮಣಿ ನಟ್ಟನಡುವೆ ಇರ್ತದೆ. ನಮ್ದಕ್ಕೆ ಕಟ್ಟಕಡೀಗೆ, ಬಾಲದ ತಾವ. ಎಂಜಿನ್ನು, ಎರಡು ಬಾಯ್ಲರ್ರು, ನಾವು, ಎಲ್ಲಾ ಇಂದ್ಗಡೆಯೇ."

"ಇಂದ್ಲಿಂದ ತಳ್ಳೋ ಗಾಡಿ ಅನ್ನು."

"ಊಂ ಕಣವ್ವ, ಅಂಗೇಯ!"

ಬಲಮಗ್ಗುಲಲ್ಲಿ ಮೂತಿಯ ಹತ್ತಿರ ಬಂದರಿನ ದಕ್ಕೆಗೆ ಗುದ್ದಿಕೊಂಡು ತೂತಾಗಿ, ಬಾಗಿಲಗಲದ ತಗಡಿನ ತೇಪೆ ಹಾಕಿದ್ದರಂತೆ. ಅದನ್ನೂ ಬರೆದರು. ಹಡಗು ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು, ತನಗಿಂತ ವಯಸ್ಸಿನಲ್ಲಿ ದೊಡ್ಡದು, ನಮ್ಮ ಹೋರಿಗಳನ್ನು ಕಟ್ಟಿ ಗಾಡಿ ಓಡಿಸಿದರೆ ಅದನ್ನು ಹಿಂದೆ ಹಾಕಬಹುದು ಎಂದೆಲ್ಲ ಹೇಳುವಾಗ ಆ ಮುಖದಲ್ಲಿ ಎಂಥ ಹೆಮ್ಮೆ! ಮರುದಿನ ಅತ್ತೆ ಆ ಚಿತ್ರವನ್ನು ಬಿಟ್ಟು ಅದರ ಸುತ್ತ ನೆಲ ಸಾರಿಸಿದರು.

ಇವರು ಹೊರಟುಹೋದ ಮೇಲೆ ಕಾರ್ಡುಗಳು ಬರುತ್ತಿದ್ದವು. ಊರಿನ ಹೆಸರು ಬರೆಯುವಂತಿರಲಿಲ್ಲ, ಬರೆದರೆ ಸೆನ್ಸಾರಿನವರು ಮಸಿ ಬಳಿದು ಕಳಿಸುತ್ತಿದ್ದರು. ಮೊದಲೆಲ್ಲ ಪೇಪರಿನಲ್ಲಿ ಯಾವ ಹಡಗು ಯಾವ ಬಂದರಿಗೆ ಬಂತೆಂದು ಅಚ್ಚಾಗುತ್ತಿತ್ತಂತೆ, ಯುದ್ಧ ಬಂದು ಅದೂ ನಿಂತಿತ್ತು. ಇವರು ನನಗೆ ಹೇಳಿಹೋಗಿದ್ದಂತೆ ಬರೀ ಸರಕಿನ ಸುದ್ದಿ ಬರೆಯುತ್ತಿದ್ದರು. "ಉಪ್ಪು ತುಂಬಿದೆವು" ಅಂದರೆ ತೂತುಕುಡಿ. "ಹೆಂಚು ತುಂಬಿದೆವು" ಅಂದರೆ ಮಂಗಳೂರು. ನಾನು ತವರಿಗೆ ಹೋದಾಗಲೆಲ್ಲ ರಹಮಾನ್ ಸಾಬರಿಗೆ ಹೇಳುತ್ತಿದ್ದೆ. ಅವರು ಶೆಡ್ಡಿನ ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಡಲ ಕರೆಯ ಗೆರೆ ಎಳೆದುಕೊಂಡಿದ್ದರು. ಹಳೆಯ ಗುರುತು ಒರೆಸಿ ಹೊಸ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, "ಇಲ್ಲವ್ನೆ ನೋಡು ತಂಗ್ಯವ್ವ, ನಮ್ಮ ಚೆಲುವ" ಎನ್ನುತ್ತಿದ್ದರು. ಕೆಲಸಕ್ಕೆ ಬಂದ ರೈತರೂ ಕೇಳುವರು, "ಸಾಬ್ರೇ, ಗೌಡನ ಅಡಗು ಎಲ್ಲಿಗ್ ಬಂತು?" ಎಂದು. ಅದು ನಮ್ಮೆಲ್ಲರ ಹಡಗೇ ಆಗಿಹೋಗಿತ್ತು.

ಮುಂಗಾರು ಹಿಡಿಯುವ ಮುಂಚೆ ಬಂದ ಕಾರ್ಡಿನಲ್ಲಿ "ಕೊಬ್ಬರಿ ತರಲು ಹೋಗುತ್ತಿದ್ದೇವೆ" ಎಂದಿತ್ತು. ಕೊಬ್ಬರಿ ಅಂದರೆ ಪಡುವಣ ಸಮುದ್ರದ ದ್ವೀಪಗಳು. ಸಾಬರು ಗೆರೆಯಿಂದ ಆಚೆ, ಬರಿಯ ತಗಡಿನ ಮೇಲೆ ಚುಕ್ಕೆ ಇಟ್ಟರು. ಆಮೇಲೆ ಕಾರ್ಡು ಬರಲಿಲ್ಲ.

ಆ ವರ್ಷದ ಮಳೆ ನೆನೆದರೆ ಈಗಲೂ ಮೈ ಉರಿಯುತ್ತದೆ. ಬರ್ಮಾದ ಅಕ್ಕಿ ನಿಂತು ಎಲ್ಲೆಲ್ಲೂ ಹಾಹಾಕಾರ. ನಮ್ಮ ಗದ್ದೆಯಲ್ಲಿ ಬೆಳೆದ ಭತ್ತವನ್ನು ಸರ್ಕಾರದವರು ಲೆವಿ ಎಂದು ಅಳೆದುಕೊಂಡು ಹೋದರು. ಬೆಳೆದವರೇ ಅಕ್ಕಿಗೆ ಸಾಲಿನಲ್ಲಿ ನಿಲ್ಲಬೇಕಾಯಿತು. ನಾನೂ ಅತ್ತೆಯೂ ಮೊಣಕಾಲುದ್ದ ಕೆಸರಿನಲ್ಲಿ ನಾಟಿಗೆ ಬಗ್ಗಿದ್ದಾಗ ಅಂಚೆಯವನ ಸೈಕಲ್ಲು ಏರಿಯ ಮೇಲೆ ಕಾಣುತ್ತಿತ್ತು. ಇಬ್ಬರೂ ಸೊಂಟ ಎತ್ತಿ ನಿಲ್ಲುತ್ತಿದ್ದೆವು. ಸೈಕಲ್ಲು ನಿಲ್ಲದೆ ಹೋಗುತ್ತಿತ್ತು. ಅತ್ತೆ ಮತ್ತೆ ಬಗ್ಗುವರು. ಆದರೆ ಆ ದಿನ ಅವರ ಕೈಯ ಪೈರು ಅಷ್ಟು ಆಳಕ್ಕೆ ಹೋಗುತ್ತಿತ್ತು, ನೆಲಕ್ಕೆ ಚುಚ್ಚಿದ ಹಾಗೆ.

ಶ್ರಾವಣದಲ್ಲಿ ಏಜೆಂಟು ಮಂಡ್ಯಕ್ಕೆ ಬಂದಿದ್ದಾನೆಂದು ತಿಳಿದು ಓಡಿದೆ. ಪೇಟೆಬೀದಿಯ ಹೋಟೆಲಿನ ಜಗುಲಿಯಲ್ಲಿ ಕೂತಿದ್ದ. ಖಾಕಿ ಕೋಟು, ಬಾಯಿ ತುಂಬ ವೀಳ್ಯ, ಮಾತು ಜೇನು. ಸುತ್ತ ನಮ್ಮ ಕಡೆಯ ಹುಡುಗರು ನಿಂತಿದ್ದರು. "ಚೆಲುವೇಗೌಡರ ಮನೆಯವರಾ? ಏನೂ ಯೋಚನೆ ಬೇಡಮ್ಮ. ಕಮಲಾಬಾಯಿ ಕೊಚ್ಚಿಯಲ್ಲಿದೆ. ಹೋದ ವಾರ ನಾನೇ ಕಣ್ಣಾರೆ ನೋಡಿ ಬಂದೆ. ಬಂದರಿನಲ್ಲಿ ಸೊಗಸಾಗಿ ನಿಂತಿದೆ" ಎಂದ.

"ಹಾಗಾದರೆ ಕಾರ್ಡು ಯಾಕೆ ಬಂದಿಲ್ಲ?"

"ಯುದ್ಧದ ಕಾನೂನಮ್ಮ. ಕಾಗದ ಬರೆಯೋ ಹಾಗಿಲ್ಲ."

ನಾನು ಕೈಮುಗಿದೆ. ಆ ಕೈಯನ್ನು ನೆನೆದರೆ ನನಗೆ ಈಗಲೂ ಸಿಟ್ಟು. ಊರಿಗೆ ಬಂದು ಬೀದಿಯ ಮನೆಮನೆಗೆ ಬೆಲ್ಲ ಹಂಚಿದೆ. ಅತ್ತೆ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳದೆ ಸೆರಗಿನಲ್ಲಿ ಕಟ್ಟಿಕೊಂಡು, "ಮೊದ್ಲು ಅವ್ನು ಬರ್ಲಿ ಬುಡು" ಎಂದರು.

ವಾರ ಕಳೆಯುವುದರೊಳಗೆ ಹುಡುಗರು ನಮ್ಮ ಮನೆಗೆ ಬರತೊಡಗಿದರು. ಕೊತ್ತತ್ತಿಯವರು, ಕೆರಗೋಡಿನವರು, ಇನ್ನೊಬ್ಬ ಮಳವಳ್ಳಿ ಕಡೆ ಪೂರಿಗಾಲಿಯಿಂದ ನಡೆದುಕೊಂಡು ಬಂದವನು. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾ, ಭಾವ ಅಡಗಿನಾಗೆ ಚೆಂದಾಗವ್ರಂತೆ, ಏಜೆಂಟ್ರು ಏಳುದ್ರು. ನಾವೂ ಓಗಾನಾ?" ಅವನು ನನ್ನ ಗಂಡನ ಹೆಸರು ಹೇಳಿಕೊಂಡು ಆಳು ಸೇರಿಸುತ್ತಿದ್ದ. ಆಗ ನನ್ನೊಳಗೆ ಏನೋ ಚುಚ್ಚಿತು. ಮನುಷ್ಯ ಬಂದರಿನಲ್ಲಿ ಸೊಗಸಾಗಿದ್ದರೆ ತಾಯಿಗೆ ಒಂದು ಮಾತು ಹೇಳಿಕಳಿಸಲಾರನೇ? ಏಜೆಂಟು ಹೋಗಿ ಹಡಗು ನೋಡಿದವನು ಇವರನ್ನು ಯಾಕೆ ನೋಡಲಿಲ್ಲ? ಹುಡುಗರಿಗೆ ಹೇಳಿದೆ: "ಒಂದಿಷ್ಟು ದಿನ ತಡೀರಪ್ಪ. ನಾನು ಹೋಗಿ ನೋಡಿ ಬತ್ತೀನಿ. ಆಮೇಲೆ ಹೋಗುವಿರಂತೆ."

ದೊಡ್ಡಮಾವ, ಅಂದರೆ ನಮ್ಮ ಮಾವನವರ ಅಣ್ಣ, ಅದನ್ನು ಕೇಳಿ ಮನೆಗೇ ಬಂದರು. "ಎಂಗುಸ್ರು ಸಮುದ್ರ ನೋಡಾಕೆ ಓಯ್ತಾರಾ? ಜನ ಏನಂದಾರು?" ಎಂದು ಕೂಗಾಡಿದರು. ಅತ್ತೆ ಭತ್ತ ಕೇರುತ್ತಿದ್ದವರು ಮೊರ ಕೆಳಗಿಟ್ಟು, "ಅವ್ಳೊಬ್ಳೇ ಓಗಾಕಿಲ್ಲ, ನಾನೂ ಓಯ್ತೀನಿ. ಜನುಕ್ಕೆ ಏನ್ ಏಳ್ಬೇಕೋ ನೀನೇ ಏಳ್ಕೊ" ಎಂದರು. ರಹಮಾನ್ ಸಾಬರು ಶೆಡ್ಡಿಗೆ ಬೀಗ ಹಾಕಿ ಜೊತೆಗೆ ಹೊರಟರು.

ಮಹಾನವಮಿ ಆದ ಮೇಲೆ ಹೊರಟೆವು. ಬೆಂಗಳೂರಿನಲ್ಲಿ ರೈಲು ಬದಲಿಸಿ, ಜೋಲಾರಪೇಟೆ, ಈರೋಡು, ಷೊರನೂರು ದಾಟಿ. ರೈಲಿನ ತುಂಬ ಸಿಪಾಯಿಗಳು, ನಮಗೆ ನಿಲ್ಲುವುದಕ್ಕೂ ಜಾಗವಿಲ್ಲ. ಅತ್ತೆ ಬಾಗಿಲ ಬಳಿ ಗಂಟಿನ ಮೇಲೆ ಕೂತು ರಾಗಿರೊಟ್ಟಿ ಮುರಿದು ನಮ್ಮಿಬ್ಬರಿಗೂ ಕೊಡುತ್ತಿದ್ದರು. ಕೊಚ್ಚಿಯಲ್ಲಿ ಇಳಿದಾಗ ಮಳೆ. ನಮ್ಮ ಮಳೆಯ ಹಾಗಲ್ಲ, ಬೆಚ್ಚಗೆ, ಉಪ್ಪುಪ್ಪಾಗಿ, ನೆಂದ ಕಲ್ಲಿದ್ದಲು ಮತ್ತು ಮೀನಿನ ವಾಸನೆಯ ಜೊತೆ. ಮಂಗಳೂರು ಕಡೆಯ ಕೊಂಕಣಿಗರೊಬ್ಬರು ಅಲ್ಲಿ ಹೋಟೆಲು ನಡೆಸುತ್ತಿದ್ದರು, ಕನ್ನಡ ಮಾತಾಡಿದ್ದು ಕೇಳಿ ಹಿತ್ತಲ ಕೋಣೆ ಬಿಟ್ಟುಕೊಟ್ಟರು.

ಬಂದರಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೋಟೆಲಿನವರೇ ದಾರಿ ಹೇಳಿದರು. ಈ ದಡದಿಂದ ಆ ದಡಕ್ಕೆ ಜನರನ್ನು ಸಾಗಿಸುವ ಬೋಟು ಹಡಗುಗಳ ಹತ್ತಿರದಲ್ಲೇ ಹಾದುಹೋಗುತ್ತದೆ, ಅದರಲ್ಲಿ ಕೂತು ನೋಡಿ ಎಂದರು. ಬೆಳಿಗ್ಗೆ ಮೂವರೂ ಬೋಟು ಹತ್ತಿದೆವು. ಸಮುದ್ರವನ್ನಾಗಲಿ ಹಡಗನ್ನಾಗಲಿ ನಾವು ಯಾರೂ ಅದುವರೆಗೆ ಕಂಡವರಲ್ಲ. ಬೂದಿ ಬಣ್ಣದ ಯುದ್ಧದ ಹಡಗುಗಳು, ಅವುಗಳ ನಡುವೆ ಸರಕಿನವು. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಒಂದು ಹಡಗಿನ ಪಕ್ಕದಲ್ಲಿ ತೂಗುಹಾಕಿದ್ದ ಹಲಗೆಯ ಮೇಲೆ ಒಂದೊಂದೇ ಅಕ್ಷರ ಓದಿದೆ. ಕಮಲಾಬಾಯಿ!

"ಅಣ್ಣಾ, ಅಲ್ಲಿ! ಅದೇ!" ಎಂದು ಕೂಗಿಬಿಟ್ಟೆ. ಸಾಬರು ಎರಡೂ ಕೈ ಎತ್ತಿ ದೇವರನ್ನು ನೆನೆದರು. ಅವರ ಕಣ್ಣಲ್ಲಿ ನೀರು. ಬೋಟಿನಲ್ಲಿದ್ದ ಅಪರಿಚಿತರು ಕೂಡ ನಮ್ಮ ಸಂತೋಷ ನೋಡಿ ನಕ್ಕರು.

ಅತ್ತೆ ನಗಲಿಲ್ಲ. ಬೋಟಿನ ಅಂಚು ಹಿಡಿದು ಎದ್ದುನಿಂತು ಹಡಗನ್ನು ತಲೆಯಿಂದ ಬಾಲದವರೆಗೆ ನೋಡಿದರು. "ಚಿಮಣಿ ನಡುಮಧ್ಯ ಅದಲ್ಲವ್ವ" ಎಂದರು.

ನಾನು ನೋಡಿದೆ. ಚಿಮಣಿ ನಟ್ಟನಡುವೆ ನಿಂತಿತ್ತು. ಕಂಬ ಒಂದಲ್ಲ, ಎರಡು. ಸರಕಿನ ಗುಂಡಿಗಳು ಮುಂದೆಯೂ ಇದ್ದವು, ಹಿಂದೆಯೂ ಇದ್ದವು. ಉದ್ದವೋ, ನಮ್ಮ ಮನೆಯಿಂದ ಬಸವನ ಗುಡಿ ದಾಟಿ ಕೆರೆಯ ಏರಿಗೆ ಮುಟ್ಟುವಷ್ಟು. ಬೋಟು ಬಲಮಗ್ಗುಲಿಗೆ ಬಂದಾಗ ಮೂತಿಯ ಹತ್ತಿರ ತೇಪೆ ಹುಡುಕಿದೆ. ನುಣ್ಣಗಿತ್ತು.

"ರಿಪೇರಿ ಮಾಡಿರ್ಬೋದು ಅವ್ವಾ" ಎಂದರು ಸಾಬರು. ಅವರ ದನಿಗೇ ನಂಬಿಕೆ ಇರಲಿಲ್ಲ.

"ಲೇ ರಹಮಾನು, ಚಿಮಣಿ ಕಿತ್ತು ನಡುವೀಕ್ ನೆಟ್ರೇನ್ಲಾ? ಅದೇನು ಬಾಳೆಗಿಡವಾ? ನನ್ ಮಗ ಇದ್ದ ಅಡಗಲ್ಲ ಇದು."

ಹಡಗಿನ ಕಂಪನಿಯ ಆಫೀಸಿಗೆ ಹೋದೆವು. ಅಲ್ಲಿದ್ದ ಗುಮಾಸ್ತ ಸಾಬರ ಮಾತನ್ನು ಅರ್ಧಕ್ಕೇ ತಡೆದು ಕಿಟಕಿಯ ಕಡೆ ಕೈತೋರಿಸಿದ. "ಕಮಲಾಬಾಯಿ ಅಲ್ಲೇ ಇದೆಯಲ್ಲ. ಇನ್ನೇನು ಬೇಕು?" ಮೊದಲಿನ ಕಮಲಾಬಾಯಿ ಎಲ್ಲಿ ಎಂದು ಸಾಬರು ಕೇಳಿದ್ದೇ ತಡ, ಅವನ ಮುಖ ಬಿಗಿದುಕೊಂಡಿತು. ಹೊರಗೆ ಹೋಗಿ, ಇಲ್ಲದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದ. ಆಗಲೇ ನನಗೆ ಗೊತ್ತಾಯಿತು. ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಯಾರಾದರೂ ಹೇಳಲಿ ಎಂದು ದಡದಲ್ಲಿ ಕೂತೆವು.

ಹಡಗಿನಿಂದ ಇಳಿದು ಬಂದ ಖಲಾಸಿಗಳನ್ನೆಲ್ಲ ಸಾಬರು ಹಿಂದುಸ್ತಾನಿಯಲ್ಲಿ ಮಾತಾಡಿಸಿದರು. ಎಷ್ಟೋ ಜನ ತಲೆಯಾಡಿಸಿ ನಡೆದುಬಿಟ್ಟರು. ಮರುದಿನ ಮಧ್ಯಾಹ್ನ ದಾವೂದ್ ಎಂಬವನು ಸಿಕ್ಕ. ರತ್ನಾಗಿರಿ ಕಡೆಯವನು, ನಡುವಯಸ್ಸಿನವನು. "ಮೈಸೂರಿನ ಚೆಲುವ" ಎಂದು ಸಾಬರು ಅನ್ನುತ್ತಲೂ ಅವನು ಅತ್ತೆಯ ಮುಖ ನೋಡಿದ. ನೋಡಿ, ಅಲ್ಲೇ ಹಗ್ಗದ ಸುರುಳಿಯ ಮೇಲೆ ಕೂತ.

ಅವನು ಹೇಳಿದ್ದನ್ನು ಸಾಬರು ಕನ್ನಡದಲ್ಲಿ ಹೇಳುತ್ತ ಹೋದರು. ಹಳೆಯ ಕಮಲಾಬಾಯಿ ದ್ವೀಪದಿಂದ ಕೊಬ್ಬರಿ ತುಂಬಿಕೊಂಡು ಹೊರಟಿತ್ತು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ, ನೀರು ತಟ್ಟೆಯ ಹಾಗಿತ್ತು. ನೀರಿನ ಕೆಳಗಿನಿಂದ ಏನೋ ಬಂದು ಹೊಡೆಯಿತು. ವೀಳ್ಯ ಅಗಿದು ಉಗುಳುವಷ್ಟು ಹೊತ್ತಿನಲ್ಲಿ ಮುಳುಗಿಹೋಯಿತು. ಒಂದು ದೋಣಿ ಮಾತ್ರ ಇಳಿಯಿತು, ಅದರಲ್ಲಿದ್ದವರನ್ನು ಮೀನಿನವರು ಎತ್ತಿಕೊಂಡರು. ದಾವೂದ್ ಅವರಲ್ಲೊಬ್ಬ. ಕಂಪನಿಯವರು ಬೇರೊಂದು ಹಡಗು ಕೊಂಡು, ಅದಕ್ಕೆ ಅದೇ ಹೆಸರು ಬರೆಸಿ, ಬದುಕಿ ಬಂದವರನ್ನು ಆ ಹೊಸ ಹಡಗಿಗೆ ಹತ್ತಿಸಿದರು. ಬಾಯಿ ಬಿಟ್ಟರೆ ಜೈಲು ಎಂದರು.

"ಚೆಲುವ ಆಗ ಮೇಲೇ ಇದ್ದ" ಎಂದ ದಾವೂದ್. "ಅವನ ಪಾಳಿ ಮುಗಿದಿತ್ತು. ನನ್ನ ಪಕ್ಕದಲ್ಲೇ ನಿಂತು ಮುಖ ತೊಳೀತಿದ್ದ. ದೋಣಿಗೆ ಬಾ ಅಂತ ಕೈ ಹಿಡಿದೆ. ಕೆಳಗೆ ಹುಡುಗರಿದ್ದಾರೆ, ಕೂಗಿ ಬರ್ತೀನಿ ಅಂತ ಇಳಿದ."

ಅತ್ತೆ ಕೇಳಿದರು: "ಮೇಲಿದ್ನಂತಾ? ಮತ್ಯಾಕ್ ಇಳ್ದ ಆ ಮುಂಡೇಮಗ?"

ನನಗೂ ಅದೇ ಸಿಟ್ಟು ಬಂತು. ಮೇಲಿದ್ದ ಮನುಷ್ಯ, ಕೈ ಹಿಡಿದವರಿದ್ದರು, ದೋಣಿ ಇತ್ತು. ಆ ಹಾಳು ಬಾಯ್ಲರ್ ಮನೆಗೆ ಮತ್ತೆ ಇಳಿಯಲು ಇವರಿಗೇನು ಬಂದಿತ್ತು? ನಾನು ಇರಲಿಲ್ಲವೇ? ಎದುರಿಗೆ ಸಿಕ್ಕಿದ್ದರೆ ಎದೆಗೆ ಗುದ್ದುತ್ತಿದ್ದೆ. ಈ ಸಿಟ್ಟಿನ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೇಳಿದರೆ "ಅಂಥ ಒಳ್ಳೆಯ ಮನುಷ್ಯನ ಮೇಲೆ ಸಿಟ್ಟೇ?" ಎನ್ನುತ್ತಾರೆ. ಹೌದು, ಸಿಟ್ಟು. ಒಳ್ಳೆಯವರ ಮೇಲೆ ಬರುವ ಸಿಟ್ಟನ್ನು ಹೊರುವುದು ಬಹಳ ಕಷ್ಟ.

ಮೂವರೂ ವಾಪಸು ರೈಲು ಹತ್ತಿದೆವು. ಬೆಂಗಳೂರು ದಾಟಿ ಮದ್ದೂರಿಗೆ ಬಂದಾಗ ಬೆಳಿಗ್ಗೆ ಹೊತ್ತೇರಿತ್ತು. ಆಗೆಲ್ಲ ಒಂದೇ ಹಳಿ, ಎದುರಿನ ರೈಲಿಗೆ ದಾರಿ ಬಿಡಲು ಸ್ಟೇಷನ್ನಿನಲ್ಲಿ ನಿಲ್ಲಬೇಕು. ಮಂಡ್ಯ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲು ಆಗಲೇ ಬಂದು ನಿಂತಿತ್ತು. ಸಾಬರು ಗಂಟು ಇಳಿಸುತ್ತ ತಟ್ಟನೆ, "ತಂಗ್ಯವ್ವ, ಅಲ್ಲಿ ನೋಡು" ಎಂದರು.

ಎದುರಿನ ರೈಲಿನ ಕಿಟಕಿಗಳಲ್ಲಿ ನಮ್ಮ ಹುಡುಗರು. ಕೊತ್ತತ್ತಿಯವರು, ಕೆರಗೋಡಿನವರು, ಪೂರಿಗಾಲಿಯವನು. ಹಣೆಗೆ ಕುಂಕುಮ, ಮಡಿಲಲ್ಲಿ ಬಟ್ಟೆಯ ಗಂಟು. ನಾನು ತಡೆಯಿರಿ ಎಂದಿದ್ದನ್ನು ತಿಳಿದು ಏಜೆಂಟು ನಾವಿಲ್ಲದಾಗಲೇ ಹೊರಡಿಸಿದ್ದ. ಅವನು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅವರಿಗೆ ತಿಂಡಿಯ ಪೊಟ್ಟಣ ಹಂಚುತ್ತಿದ್ದ.

ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. "ಕಮಲಾಬಾಯಿ ನೋಡಿ ಬಂದೆ" ಎಂದೆ.

ಅವನು ನಕ್ಕ. "ಹೇಳಿರಲಿಲ್ವಾ ಅಮ್ಮ? ಸೊಗಸಾಗಿದೆ ತಾನೆ?"

"ಅದು ಬೇರೆ ಹಡಗು. ನನ್ನ ಗಂಡನ ಹಡಗು ಮುಳುಗಿ ಹೋಗಿದೆ. ಹೆಸರು ಮಾತ್ರ ತೇಲುತ್ತಿದೆ. ನಿನಗೆ ಗೊತ್ತಿತ್ತು."

ಅವನ ನಗು ಹೋಗಲಿಲ್ಲ. ಅದೇ ನನಗೆ ತಡೆಯಲಾಗದ್ದು. "ನೋಡಿಯಮ್ಮ, ನೀವು ಕೇಳಿದ್ದು ಕಮಲಾಬಾಯಿ ಎಲ್ಲಿದೆ ಅಂತ. ನಾನು ಹೇಳಿದ್ದು ಕಮಲಾಬಾಯಿ ಕೊಚ್ಚಿಯಲ್ಲಿದೆ ಅಂತ. ಇದರಲ್ಲಿ ಸುಳ್ಳು ಎಲ್ಲಿದೆ?"

ನಾನು ಕಿಟಕಿಗಳ ಕಡೆ ತಿರುಗಿ ಕೂಗಿದೆ. ಹದಿನೆಂಟರ ಹೆಂಗಸು, ಸ್ಟೇಷನ್ನಿನ ತುಂಬ ಗಂಡಸರು, ಸೆರಗು ಎಲ್ಲಿತ್ತೋ. ಚಿಮಣಿ ಎಲ್ಲಿರಬೇಕಿತ್ತು, ಎಲ್ಲಿತ್ತು, ದಾವೂದ್ ಏನಂದ, ಎಲ್ಲ ಕೂಗಿ ಹೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಗಂಡನ ಚಿಂತೆಯಲ್ಲಿ ತಲೆ ಕೆಟ್ಟಿದೆ, ಪಾಪ" ಎಂದು ಏಜೆಂಟು ಅವರಿಗೆ ಕೇಳುವಂತೆ ಹೇಳಿದ. ಗಾರ್ಡು ಸೀಟಿ ಊದಿದ. ಏಜೆಂಟು ಡಬ್ಬಿಯ ಮೆಟ್ಟಿಲಿಗೆ ಕಾಲಿಟ್ಟ.

ಅತ್ತೆ ಬಂದು ಬಾಗಿಲ ಎರಡೂ ಕಂಬಿ ಹಿಡಿದು ಅಡ್ಡ ನಿಂತರು. ನಾಟಿ ಮಾಡಿ, ಕಳೆ ಕಿತ್ತು, ಕುಟ್ಟಿ ಬೀಸಿ ಗಟ್ಟಿಯಾದ ಕೈ. ಅವನು ಬಿಡಿಸಲು ಹೋದ, ಆಗಲಿಲ್ಲ.

"ನನ್ ಮಗ ಎಲ್ಲವ್ನೆ?"

"ಬಿಡಮ್ಮ, ಗಾಡಿ ಹೊರಡ್ತಾ ಇದೆ."

"ಅಡಗಿನ ಸುದ್ದಿ ಕೇಳ್ನಿಲ್ಲ ನಾನು. ನನ್ ಮಗ ಎಲ್ಲವ್ನೆ? ಅದೊಂದ್ ಏಳು. ಏಳ್ಬುಟ್ಟು ಓಗು."

ಗಾರ್ಡು ಓಡಿ ಬಂದ. ರಹಮಾನ್ ಸಾಬರು ಅವನಿಗೆ ಅಡ್ಡ ನಿಂತು ಕೈಮುಗಿದು ಏನೋ ಹೇಳಿದರು. ಗಾರ್ಡು ಸುಮ್ಮನಾದ. ಎಂಜಿನ್ನು ಉಸಿರು ಬಿಡುತ್ತ ನಿಂತಿತ್ತು. ಎರಡೂ ರೈಲಿನ ಜನ ಕಿಟಕಿಗೆ ಬಂದಿದ್ದರು. ಏಜೆಂಟು ಆ ಕಡೆ ಈ ಕಡೆ ನೋಡಿದ. ಎಲೆ ಅಡಿಕೆಯ ಬಾಯಿ ಒರೆಸಿಕೊಂಡ.

"ಸತ್ತ" ಎಂದ. "ಮುಳುಗಿ ಸತ್ತ. ಸಾಕಾ? ಕೈ ಬಿಡಿ."

ಅತ್ತೆ ಕೈ ಬಿಟ್ಟರು. ಅದುವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಅಲ್ಲೇ ಕಲ್ಲುಚಪ್ಪಡಿಯ ಮೇಲೆ ಕೂತು, "ನನ್ ಮಗ್ನೇ" ಎಂದು ನೆಲ ಬಡಿದು ಅತ್ತರು. ನನಗೂ ಆಗಲೇ ಅರ್ಥವಾದದ್ದು. ಅಷ್ಟು ದೂರ ಹೋಗಿ, ಅಷ್ಟು ಕೂಗಾಡಿ ನಾವು ಅವನ ಬಾಯಿಂದ ಕಿತ್ತುಕೊಂಡದ್ದು ಆ ಒಂದು ಮಾತನ್ನು. ಗೆದ್ದೆವು. ಗೆದ್ದು ನಾನು ವಿಧವೆಯಾದೆ, ಅವರು ಮಗನಿಲ್ಲದವರಾದರು.

ಪೂರಿಗಾಲಿಯವನು ಮೊದಲು ಇಳಿದ. ಅವನ ಹಿಂದೆ ಕೊತ್ತತ್ತಿಯವರು, ಕೆರಗೋಡಿನವರು ಗಂಟು ಹಿಡಿದು ಇಳಿದರು. ಅತ್ತೆಯ ಸುತ್ತ ನಿಂತು, ಏನು ಮಾಡಬೇಕೋ ತಿಳಿಯದೆ ತಿಂಡಿಯ ಪೊಟ್ಟಣಗಳನ್ನು ಹಳಿಯ ಮೇಲೆ ಎಸೆದರು. ಕೆರಗೋಡಿನ ನಿಂಗ ಎಂಬ ಹುಡುಗ ಮಾತ್ರ ಇಳಿಯಲಿಲ್ಲ. ನಾನು ಕಿಟಕಿಗೆ ಹೋಗಿ, "ಇಳಿಯೋ, ನಿನಗೇನು ಬಂದಿದೆ?" ಎಂದೆ. "ಇಲ್ಲಿದ್ದು ಏನ್ ಮಾಡ್ಲಕ್ಕ? ಎಲ್ಲಾರ್ಗೂ ಅಂಗೇ ಆದದಾ?" ಎಂದ. ರೈಲು ಹೊರಟಿತು. ಏಜೆಂಟು ಬಾಗಿಲಲ್ಲಿ ನಿಂತು ಕೋಟಿನ ತೋಳು ಸರಿಮಾಡಿಕೊಳ್ಳುತ್ತಿದ್ದ.

ಅದೇ ದಿನ ತವರುಮನೆಯ ಹಿತ್ತಲಲ್ಲಿ ನನ್ನ ಬಳೆ ತೆಗೆದರು. ಆಮೇಲೆ ನಾನು ಟ್ರೈನಿಂಗ್ ಮಾಡಿ ಮದ್ದೂರಿನಲ್ಲೇ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಅತ್ತೆ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ನನ್ನ ಜೊತೆ ಬಂದುಬಿಟ್ಟರು. "ಅಲ್ಲಿ ಯಾರ್ನ ಬೈಲಿ?" ಎಂದರು. ಕಂಪನಿಯಿಂದ ಒಂದು ಅಕ್ಷರ ಬರಲಿಲ್ಲ. ಏಜೆಂಟು ಮಂಡ್ಯದ ಕಡೆ ತಲೆ ಹಾಕಲಿಲ್ಲ, ಬೇರೆ ಕಡೆ ಆಳು ಹುಡುಕಿಕೊಂಡನೆಂದು ಕೇಳಿದೆ. ರಹಮಾನ್ ಸಾಬರು ಶೆಡ್ಡಿನ ಗೋಡೆಯ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ತಗಡಿನ ಮೇಲೆ ಬಿಳಿಯ ಕಲೆ ಉಳಿಯಿತು.

ಯುದ್ಧ ಮುಗಿದ ಮೇಲಿನ ಮಾತು. ಒಂದು ಸಂಜೆ ಶಾಲೆಯಿಂದ ಬಂದಾಗ ನಮ್ಮ ಜಗುಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕೆರಗೋಡಿನವಳು, ನಿಂಗನ ತಾಯಿ ಸಿದ್ದಮ್ಮ. ಮಗನಿಂದ ಎಷ್ಟೋ ತಿಂಗಳಿಂದ ಸುದ್ದಿಯಿಲ್ಲ. ಏಜೆಂಟರ ಬೆಂಗಳೂರಿನ ಆಫೀಸಿಗೆ ಹೋಗಿದ್ದಳಂತೆ. ಹಡಗು ಕಲ್ಕತ್ತೆಯಲ್ಲಿ ಚೆನ್ನಾಗಿದೆ ಎಂದು ಹೇಳಿ ಕಳಿಸಿದರಂತೆ. "ನೀವು ಉಡ್ಕಿದ್ರಂತಲ್ಲವ್ವ, ಎಂಗ್ ಉಡ್ಕುದ್ರಿ? ನನ್ಗೂ ಒಸಿ ಏಳ್ಕೊಡಿ" ಎಂದಳು.

ಹಡಗು ಹೇಗಿತ್ತೆಂದು ಮಗ ಏನಾದರೂ ಹೇಳಿದ್ದನೇ ಎಂದು ಕೇಳಿದೆ. ಚಿಮಣಿ ಎಲ್ಲಿತ್ತು, ಕಂಬ ಎಷ್ಟು, ಏನಾದರೂ.

"ಏಳಾಕೆ ಅವ್ನು ತಿರ್ಗಾ ಮನೇಗೇ ಬರ್ನಿಲ್ವಲ್ಲ ಕಣವ್ವ. ಎಸ್ರೂ ಸರ್ಯಾಗ್ ಗೊತ್ತಿಲ್ಲ."

ಹೆಸರೂ ಇಲ್ಲ, ಗುರುತೂ ಇಲ್ಲ. ಎಲ್ಲಿಂದ ಹುಡುಕುವುದು? ಅದೇ ಹಳೆಯ ಸಿಟ್ಟು ಮತ್ತೆ ಬಂತು. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಶುರುವಾಯಿತು. ನಾವು ಇಬ್ಬರೇ ಇದ್ದ ಮನೆಯಲ್ಲಿ ಅಷ್ಟು ರೊಟ್ಟಿ ಯಾರಿಗೆ ಎಂದು ಇಣುಕಿದೆ. ಅತ್ತೆ ಹೆಂಚಿನ ಮುಂದೆ ಕೂತು, ಬೆಂದ ರೊಟ್ಟಿಗಳನ್ನು ಬಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸುತ್ತಿದ್ದರು.

"ಇಸ್ಕೂಲ್ಗೆ ರಜ ಏಳ್ಕಳಿಸು" ಎಂದರು ತಲೆಯೆತ್ತದೆ. "ಬೆಳಿಗ್ಗೆ ರೈಲ್ಗೆ ಮೂವರೂ ಬೆಂಗ್ಳೂರ್ಗೆ ಓಗಾನ. ಆ ಆಪೀಸು ಬಾಗ್ಲಲ್ಲಿ ಕುಂತ್ಕಳಾನ. ಎಲ್ಲವ್ನೆ ಅಂತ ಅವ್ರು ಏಳೋಗಂಟ ಅಲ್ಲಿಂದ ಏಳೋದ್ ಬ್ಯಾಡ."